ಅರಮನೆಯ ತೋಟದಲ್ಲಿ ಬಂಡಾಯದ ಹಾಡು

2002ನೆಯ ಇಸವಿ ಜೂನ್ 3ನೆಯ ತಾರೀಖಿನ ಸಂಜೆ ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯ ಹಿಂಬದಿಯ ತೋಟದಲ್ಲಿ ಒಂದು ಗಾನಗೋಷ್ಠಿ ಜರುಗಿತು. ಎರಡನೆಯ ಎಲಿಜಬೆತ್ ರಾಣಿಯವರು ಪಟ್ಟಕ್ಕೆ ಬಂದು ಐವತ್ತು ವರ್ಷ ತುಂಬಿದ ಸುವರ್ಣೋತ್ಸವವೇ ಅದಕ್ಕೆ ನಿಮಿತ್ತ. ಚೀಟಿಯೆತ್ತಿ ಆರಿಸಿದ ಸುಮಾರು 12,000 ಮಂದಿ ತೋಟದೊಳಗಿದ್ದರು. ಹೊರಗೆ ಮಾಲ್ ಎಂಬ ರಾಜಬೀದಿಯಲ್ಲಿಯೂ ಸುತ್ತಣ ಉದ್ಯಾನಗಳಲ್ಲಿಯೂ ದೊಡ್ಡ ತೆರೆಗಳ ಮುಂದೆ ಹತ್ತು ಲಕ್ಷದಷ್ಟು ಜನ ನೆರೆದಿದ್ದರು. ಎರಡು ದಿನ ಮೊದಲು ಅದೇ ತೋಟದಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಗೋಷ್ಠಿಯೂ ನಡೆದಿತ್ತು. ಅದರ ವಿಷಯ ನಮಗಿಲ್ಲಿ ಬೇಡ. ಶಾಸ್ತ್ರೀಯ ಸಂಗೀತಕ್ಕೂ ಅರಮನೆಗೂ ಬೀಗತನ ಹಳೆಯದು. ಪಾಪ್, ರಾಕ್ ಎಂಬ ಹೆಸರಿನ ಸಂಗೀತವೋ ಬೀದಿಯಲ್ಲಿ, ಕಾರ್ಖಾನೆಯ ಕೇರಿಗಳಲ್ಲಿ, ನೆಲಮಾಳಿಗೆಯ ಹೋಟೆಲುಗಳಲ್ಲಿ ಬೆಳೆದದ್ದು. ಅದು ಅರಸರ ಅಂಗಳಕ್ಕೆ ಬಂದಾಗ ಏನಾಯಿತು? ಅಂದಿನ ಮುದ್ರಿಕೆಯನ್ನು ನೋಡುವಾಗಲೆಲ್ಲ ನಮ್ಮನ್ನು ಕಾಡಿದ ಪ್ರಶ್ನೆ ಇದೊಂದೇ.

ಮುದ್ರಿಕೆಯ ಆರಂಭ ಅದ್ಭುತವಾದದ್ದು. ಅರಮನೆಯ ಮಾಳಿಗೆಯ ನೆತ್ತಿಯ ಮೇಲೆ, ಉದ್ದ ಗುಂಗುರು ಕೂದಲಿನ ಒಬ್ಬನೇ ಮನುಷ್ಯ ಗಿಟಾರು ಹಿಡಿದು ನಿಂತಿದ್ದಾನೆ. ಆತ ‘ಕ್ವೀನ್’ ಎಂಬ ವಾದ್ಯವೃಂದದ ಬ್ರಯಾನ್ ಮೇ. ನುಡಿಸುತ್ತಿರುವುದು ಆ ದೇಶದ ರಾಷ್ಟ್ರಗೀತೆ. ಕೆಳಗೆ ತೋಟದಲ್ಲಿ ವಾದ್ಯಮೇಳ. ಮೇಲೆ ಗಾಳಿಯಲ್ಲಿ ಈತ. ವೃಂದದ ಹೆಸರೇ ರಾಣಿ, ಗೀತೆ ರಾಣಿಗೆ, ಮನೆಯೂ ರಾಣಿಯದೇ. ಇಷ್ಟೇ ಆಗಿದ್ದರೆ ಅದೊಂದು ಚಮತ್ಕಾರವೆಂದು ಹೇಳಿ ಬಿಟ್ಟುಬಿಡಬಹುದಾಗಿತ್ತು. ಆದರೆ ಆ ಗಿಟಾರಿನ ಕಥೆ ತಿಳಿದವರಿಗೆ ದೃಶ್ಯದ ಅರ್ಥ ಹೆಚ್ಚುತ್ತದೆ. ಹುಡುಗನಾಗಿದ್ದಾಗ, ಕೊಂಡುಕೊಳ್ಳಲು ಹಣವಿಲ್ಲದೆ, ಆತ ತಂದೆಯೊಡನೆ ಸೇರಿ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರವನ್ನು ಕೆತ್ತಿ ಮನೆಯಲ್ಲಿಯೇ ಆ ವಾದ್ಯವನ್ನು ಮಾಡಿಕೊಂಡ. ತಂತಿ ಮೀಟುವುದಕ್ಕೆ ಆತ ಬಳಸುವುದು ಚಲಾವಣೆ ತಪ್ಪಿದ ಆರು ಪೆನ್ನಿಯ ನಾಣ್ಯ. ಅರಸರ ತಲೆಯ ಮುದ್ರೆಯಿರುವ ನಾಣ್ಯ. ಅರಸರ ತಲೆಯಿಂದಲೇ ತಂತಿಯನ್ನು ಕೆರೆದು, ಅರಸರ ಮನೆಯ ಮೇಲೆಯೇ ನಿಂತು, ಅರಸರ ಗೀತೆಯನ್ನು ಗಡಸು ದನಿಯಲ್ಲಿ ನುಡಿಸಿದನಲ್ಲ! ಇದು ಗೌರವವೋ ಕುಚೋದ್ಯವೋ ಎಂಬುದನ್ನು ಕೇಳುವವನೇ ತೀರ್ಮಾನಿಸಬೇಕು. ಆ ಅನಿಶ್ಚಯದಲ್ಲಿಯೇ ಅದರ ಸೊಗಸಿದೆ.

ಈ ಸಂಗೀತಕ್ಕೂ ಆ ಸಿಂಹಾಸನಕ್ಕೂ ಇದ್ದ ಸಂಬಂಧ ಎಂದೂ ಸರಳವಾಗಿರಲಿಲ್ಲ. 1963ರ ನವೆಂಬರಿನಲ್ಲಿ ರಾಜಮನೆತನದವರ ಮುಂದೆ ಹಾಡುತ್ತಿದ್ದ ಬೀಟಲ್ಸ್ ವೃಂದದ ಜಾನ್ ಲೆನನ್, ಅಗ್ಗದ ಆಸನದವರು ಚಪ್ಪಾಳೆ ತಟ್ಟಲಿ, ಮಿಕ್ಕವರು ತಮ್ಮ ಒಡವೆಗಳನ್ನು ಅಲುಗಾಡಿಸಿದರೆ ಸಾಕು ಎಂಬರ್ಥದ ಮಾತಾಡಿ ಸಭೆಯನ್ನು ನಗಿಸಿದ. ಆ ರಾತ್ರಿ ಎದುರು ಕುಳಿತಿದ್ದವರು ರಾಜಮಾತೆಯೂ ರಾಣಿಯವರ ತಂಗಿ ಮಾರ್ಗರೆಟ್ ರಾಜಕುಮಾರಿಯೂ. 1965ರಲ್ಲಿ ಆ ನಾಲ್ವರಿಗೂ ಅರಮನೆಯ ಪದಕ ದೊರಕಿತು. 1969ರಲ್ಲಿ ಲೆನನ್ ಅದನ್ನು ಹಿಂದಿರುಗಿಸಿದ. 1977ರಲ್ಲಿ ರಾಣಿಯವರ ರಜತೋತ್ಸವ ನಡೆಯುತ್ತಿದ್ದಾಗ ಸೆಕ್ಸ್ ಪಿಸ್ಟಲ್ಸ್ ಎಂಬ ಹುಡುಗರ ವೃಂದ ರಾಷ್ಟ್ರಗೀತೆಯ ಹೆಸರನ್ನೇ ಇಟ್ಟು ಸಿಂಹಾಸನವನ್ನು ಹೀಯಾಳಿಸುವ ಹಾಡೊಂದನ್ನು ಹೊರಡಿಸಿತು. ಬಿ.ಬಿ.ಸಿ. ಅದನ್ನು ಬಹಿಷ್ಕರಿಸಿತು, ಆದರೂ ಅದು ಮಾರಾಟದ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಥೇಮ್ಸ್ ನದಿಯ ದೋಣಿಯಲ್ಲಿ ಅದನ್ನು ಹಾಡಹೋದಾಗ ಪೊಲೀಸರು ಬಂದು ಕೆಲವರನ್ನು ಹಿಡಿದೊಯ್ದರು. ಇಪ್ಪತ್ತೈದು ವರ್ಷಗಳ ಅನಂತರ ಅದೇ ಬಿ.ಬಿ.ಸಿ. ಅದೇ ಜಾತಿಯ ಸಂಗೀತವನ್ನು ಅರಮನೆಯ ತೋಟದಿಂದ ಲೋಕಕ್ಕೆಲ್ಲ ಬಿತ್ತರಿಸಿತು. ಪಿಸ್ಟಲ್ಸ್ ವೃಂದ ಮಾತ್ರ ಅಲ್ಲಿರಲಿಲ್ಲ. ಅವರು ಜುಲೈ ತಿಂಗಳಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಎಂಬಲ್ಲಿ ತಮ್ಮದೇ ಗೋಷ್ಠಿ ನಡೆಸಿದರು. ಹೆಸರಿನಲ್ಲಿ ಅದೂ ಅರಮನೆಯೇ!

ಅರಸನ ಆಶ್ರಯ, ಕವಿಯ ಸ್ವಾತಂತ್ರ್ಯ ಎಂಬ ಈ ಜಗಳ ನಮ್ಮ ತರಗತಿಗಳಿಗೆ ಹೊಸದಲ್ಲ. ಪಂಪನು ಅರಿಕೇಸರಿಯನ್ನು ಅರ್ಜುನನೊಡನೆ ಹೊಂದಿಸಿ ಹಾಡಿದ. ಹಾಗೆ ಹಾಡಿಯೂ ಕರ್ಣನನ್ನು ಮರೆಯಲಿಲ್ಲ. ನರಸ್ತುತಿಯೇ ಬೇಡವೆಂದ ಹರಿಹರ ಅರಸನ ಲೆಕ್ಕಪತ್ರವನ್ನು ಬಿಟ್ಟು ಹಂಪೆಗೆ ನಡೆದನೆಂದು ಐತಿಹ್ಯ. ಲಂಡನ್ನಿನ ಗಾಯಕರನ್ನು ಇವರ ಪಕ್ಕದಲ್ಲಿ ಕೂರಿಸುವ ಸಾಹಸ ನಮಗಿಲ್ಲ. ಆಶ್ರಯದಲ್ಲಿದ್ದೂ ಪಂಪನಂತೆ ತನ್ನ ಮಾತನ್ನು ಉಳಿಸಿಕೊಂಡವರು ಆ ತೋಟದಲ್ಲಿ ಯಾರಾದರೂ ಇದ್ದರೇ ಎಂದಷ್ಟೇ ಕೇಳುತ್ತೇವೆ.

ಬಹುಮಂದಿ ಉಳಿಸಿಕೊಳ್ಳಲಿಲ್ಲ. ಒಬ್ಬೊಬ್ಬರಿಗೆ ಒಂದೋ ಎರಡೋ ಹಾಡು, ಮುಗಿಯುತ್ತಲೇ ಮುಂದಿನವರು. ಶರ್ಲಿ ಬ್ಯಾಸಿ, ಟಾಮ್ ಜೋನ್ಸ್, ರಾಡ್ ಸ್ಟುವರ್ಟ್, ಬ್ರಯಾನ್ ವಿಲ್ಸನ್, ಟೋನಿ ಬೆನೆಟ್, ಅವರ ನಡುನಡುವೆ ಆಗತಾನೆ ಹೆಸರು ಮಾಡಿದ ಎಳೆಯರು. ಮದುವೆಯೂಟದಲ್ಲಿ ಬಡಿಸುವವರು ಎಲೆಯನ್ನು ನೋಡದೆ ಸಾಗುವಂತೆ ಹಾಡುಗಳು ಸಾಗುತ್ತವೆ. ಓಝಿ ಆಸ್ಬರ್ನ್, ಟೋನಿ ಅಯೋಮಿ ಇವರಿಬ್ಬರೂ ಬಂದದ್ದು ಬರ್ಮಿಂಗ್‌ಹ್ಯಾಮಿನ ಕಾರ್ಮಿಕರ ಕೇರಿಯಿಂದ. ತಗಡಿನ ಕಾರ್ಖಾನೆಯಲ್ಲಿ ಎರಡು ಬೆರಳ ತುದಿಗಳನ್ನು ಕಳೆದುಕೊಂಡ ಅಯೋಮಿ, ಪ್ಲಾಸ್ಟಿಕ್ಕನ್ನು ಕರಗಿಸಿ ತಾನೇ ಟೊಪ್ಪಿಗೆ ಮಾಡಿ ಬೆರಳಿಗೆ ಹಾಕಿಕೊಂಡು ನುಡಿಸಿದವನು. ಆ ಕಬ್ಬಿಣದಂಥ ನಾದಕ್ಕೆ ಆ ಗಾಯವೂ ಒಂದು ಕಾರಣ. ‘ಪ್ಯಾರನಾಯ್ಡ್’ ಎಂಬ ಅವರ 1970ರ ಹಾಡು ಮನಸ್ಸು ಕೆಟ್ಟವನೊಬ್ಬನ ಅಳಲು. ತೋಟದಲ್ಲಿ ಜನ ಪುಟ್ಟ ಬಾವುಟಗಳನ್ನು ಬೀಸುತ್ತ ಅದನ್ನು ಕೇಳಿದರು. ಹಾಡಿದವರದು ತಪ್ಪಲ್ಲ, ಕೇಳಿದವರದೂ ಅಲ್ಲ. ಆದರೆ ಬಾವುಟಗಳ ನಡುವೆ ಅಳಲು ಆಟವಾಗಿಬಿಟ್ಟಿತು. ಬಂಡಾಯವನ್ನು ಸೋಲಿಸಲು ನಿಷೇಧಕ್ಕಿಂತ ಆಹ್ವಾನವೇ ಬಲವಾದ ಉಪಾಯವೆಂದು ಆ ಮೂರು ನಿಮಿಷ ನಮಗೆ ತೋರಿದುದು ಸುಳ್ಳಲ್ಲ.

ಆದರೆ ಮುದ್ರಿಕೆ ಅಷ್ಟಕ್ಕೇ ಮುಗಿಯುವುದಿಲ್ಲ. ಕೊನೆಯ ಭಾಗದಲ್ಲಿ ಪಾಲ್ ಮೆಕಾರ್ಟ್ನಿ ಒಬ್ಬನೇ ಗಿಟಾರು ಹಿಡಿದು ‘ಹರ್ ಮೆಜೆಸ್ಟಿ’ ಎಂಬ ಹಾಡನ್ನು ಎತ್ತಿಕೊಳ್ಳುತ್ತಾನೆ. ಇದರ ಪೂರ್ವಕಥೆಯನ್ನು ವಿದ್ಯಾರ್ಥಿಗಳು ತಿಳಿಯಬೇಕು. 1969ರಲ್ಲಿ ‘ಆ್ಯಬಿ ರೋಡ್’ ಮುದ್ರಿಕೆ ಸಿದ್ಧವಾಗುತ್ತಿದ್ದಾಗ ಈ ಹಾಡು ಬೇಡ, ಕತ್ತರಿಸಿ ಎಸೆಯಿರಿ ಎಂದು ಹೇಳಿದವನು ಇದೇ ಮೆಕಾರ್ಟ್ನಿ. ಆದರೆ ಬೀಟಲ್ಸರು ನುಡಿಸಿದ ಯಾವುದನ್ನೂ ಎಸೆಯಬಾರದೆಂಬ ಕಟ್ಟಪ್ಪಣೆ ಧ್ವನಿಮುದ್ರಣ ಶಾಲೆಯಲ್ಲಿದ್ದುದರಿಂದ, ಜಾನ್ ಕರ್ಲ್ಯಾಂಡರ್ ಎಂಬ ತರುಣ ಸಹಾಯಕ ಆ ತುಣುಕನ್ನು ಸುರುಳಿಯ ಕೊನೆಗೆ ಅಂಟಿಸಿಟ್ಟ. ಎಲ್ಲ ಹಾಡುಗಳೂ ಮುಗಿದು, ಕೆಲವು ಸೆಕೆಂಡುಗಳ ಮೌನವಾದ ಮೇಲೆ, ಅದು ಥಟ್ಟನೆ ಕೇಳಿಬಂತು. ಕೇಳಿದವರಿಗೆ ಅದು ಹಿಡಿಸಿ ಹಾಗೆಯೇ ಉಳಿಯಿತು. ಅದರ ಅವಧಿ ಸುಮಾರು 23 ಸೆಕೆಂಡು. ಮೊದಲ ಅಚ್ಚಿನ ಹೊದಿಕೆಯ ಮೇಲೆ ಅದರ ಹೆಸರೂ ಇರಲಿಲ್ಲ. ರಾಣಿಯನ್ನು ಪಕ್ಕದ ಬೀದಿಯ ಹುಡುಗಿಯೆಂಬಂತೆ ಸಲಿಗೆಯಿಂದ ಮಾತಾಡಿಸುವ ತುಂಟ ಹಾಡು ಅದು. ಎಸೆಯಬೇಕಾಗಿದ್ದ ಆ ತುಣುಕನ್ನು ಮೂವತ್ತಮೂರು ವರ್ಷಗಳ ಅನಂತರ ಅದರ ನಾಯಕಿಯ ಮನೆಯಂಗಳದಲ್ಲಿಯೇ ಹಾಡುವುದೆಂದರೆ! ಆಗ ಆತ ಸರ್ ಪದವಿಯವನು, ಅರವತ್ತರ ಹೊಸ್ತಿಲಲ್ಲಿದ್ದವನು. ಆದರೂ ಹಾಡಿನ ತುಂಟತನ ಕುಗ್ಗಿರಲಿಲ್ಲ. ಹೊಗಳಿಕೆಗೆ ಬಗ್ಗದೆ, ಬೈಗುಳಕ್ಕೂ ಇಳಿಯದೆ, ಸಲಿಗೆಯೆಂಬ ಮೂರನೆಯ ದಾರಿಯೊಂದಿದೆಯೆಂದು ಅದು ತೋರಿಸಿತು. ನಮ್ಮ ಪ್ರಶ್ನೆಗೆ ಆ ರಾತ್ರಿ ಸಿಕ್ಕಿದ ಮೊದಲನೆಯ ಉತ್ತರ ಇದೇ ಎಂದು ನಮ್ಮ ಅಭಿಪ್ರಾಯ.

ಎರಡನೆಯದು ಅದಕ್ಕಿಂತ ಗಂಭೀರವಾದದ್ದು. ಬೀಟಲ್ಸ್ ವೃಂದದ ಜಾರ್ಜ್ ಹ್ಯಾರಿಸನ್ 2001ರ ನವೆಂಬರ್ 29ರಂದು ತೀರಿಕೊಂಡಿದ್ದ. ಗಿಟಾರು ಮೆಲ್ಲನೆ ಅಳುವುದನ್ನು ಕುರಿತ ಆತನ ಹಾಡನ್ನು 1968ರಲ್ಲಿ ಮುದ್ರಿಸಿದಾಗ ಮುಖ್ಯ ಗಿಟಾರನ್ನು ನುಡಿಸಿದವನು ಆತನ ಗೆಳೆಯ ಎರಿಕ್ ಕ್ಲಾಪ್ಟನ್. ತೋಟದ ಗೋಷ್ಠಿಯಲ್ಲಿ ಮೆಕಾರ್ಟ್ನಿ ಹಾಡಿದ, ಕ್ಲಾಪ್ಟನ್ ಮತ್ತೆ ನುಡಿಸಿದ. ಉತ್ಸವವಿದ್ದುದು ರಾಣಿಯವರ ಹೆಸರಿನಲ್ಲಿ. ಆದರೆ ಆ ಕೆಲವು ನಿಮಿಷ ಸಭೆ ಸೇರಿದ್ದು ಇಲ್ಲದ ಒಬ್ಬನಿಗಾಗಿ. ಅದೇ ವರ್ಷ ಫೆಬ್ರವರಿ 9ರಂದು ತಂಗಿಯನ್ನೂ ಮಾರ್ಚ್ 30ರಂದು ತಾಯಿಯನ್ನೂ ಕಳೆದುಕೊಂಡಿದ್ದ ರಾಣಿಯವರು (1963ರಲ್ಲಿ ಲೆನನ್ನನ ಮಾತಿಗೆ ನಕ್ಕಿದ್ದ ಆ ಇಬ್ಬರೇ) ಗೋಷ್ಠಿಯ ಕೊನೆಯ ಭಾಗಕ್ಕಷ್ಟೇ ಬಂದು ಕುಳಿತಿದ್ದರು. ಅವರ ಮನಸ್ಸಿನಲ್ಲಿ ಏನಿತ್ತೆಂದು ಊಹಿಸುವ ಅಧಿಕಾರ ನಮಗಿಲ್ಲ. ಇಡೀ ಸಂಭ್ರಮದಲ್ಲಿ ಸಂಭ್ರಮವಲ್ಲದ ಹಾಡೇ ಎಲ್ಲಕ್ಕಿಂತ ಸಹಜವಾಗಿ ಸಂದಿತು ಎಂದಷ್ಟು ಹೇಳಬಲ್ಲೆವು.

ಮುದ್ರಿಕೆಯೆಂಬ ಮಾಧ್ಯಮದ ಬಗ್ಗೆಯೂ ಒಂದು ಮಾತು. ಎಲ್ಟನ್ ಜಾನ್ ಆ ಸಂಜೆ ಅಲ್ಲಿರಲಿಲ್ಲ. ಮೊದಲೇ ಅರಮನೆಯೊಳಗೆ ಹಾಡಿ ಚಿತ್ರಿಸಿದ್ದನ್ನು ತೆರೆಯ ಮೇಲೆ ತೋರಿಸಿದರು. ತೋಟದ ಜನಕ್ಕೂ ಅದು ಚಿತ್ರವೇ, ಇಂದು ನೋಡುವ ನಮಗೂ ಚಿತ್ರವೇ. ಆ ಒಂದು ಹಾಡಿನ ಮಟ್ಟಿಗೆ ಅವರಿಗೂ ನಮಗೂ ಭೇದವಿಲ್ಲ. ಮಾಲ್ ಬೀದಿಯ ಹತ್ತು ಲಕ್ಷ ಜನಕ್ಕಂತೂ ಆ ರಾತ್ರಿಯೆಲ್ಲ ತೆರೆಯೇ ಗತಿ. ಹಾಗಿದ್ದೂ ಮುದ್ರಿಕೆ ಅವರನ್ನು ತೋರಿಸುವುದು ಬಾವುಟಗಳ ಸಾಗರವಾಗಿ ಮಾತ್ರ. ಒಂದು ಮುಖದ ಮೇಲೂ ಅದು ಸಾಕಷ್ಟು ಹೊತ್ತು ನಿಲ್ಲುವುದಿಲ್ಲ. ಇದನ್ನು ನಾವು ದೊಡ್ಡ ಲೋಪವೆಂದೇ ಎಣಿಸುತ್ತೇವೆ.

ಆಮೇಲೆ 2012ರಲ್ಲಿ ವಜ್ರಮಹೋತ್ಸವಕ್ಕೆ ಅರಮನೆಯ ಮುಂದೆ ಗೋಷ್ಠಿಯಾಯಿತು; ಮ್ಯಾಡ್‌ನೆಸ್ ವೃಂದ ಮಾಳಿಗೆಯ ಮೇಲೆ ಹತ್ತಿ ಹಾಡಿತು. ಎರಡನೆಯ ಸಲ ಹತ್ತಿದವರಿಗೆ ಮೊದಲನೆಯವನ ಬೆರಗು ದಕ್ಕಲಿಲ್ಲ. 2022ರ ಜೂನ್ 4ರಂದು ಎಪ್ಪತ್ತನೆಯ ವರ್ಷದ ಗೋಷ್ಠಿಯನ್ನು ಬ್ರಯಾನ್ ಮೇಯ ವೃಂದವೇ ಆರಂಭಿಸಿತು. ರಾಣಿಯವರು ಸ್ವತಃ ಬರಲಿಲ್ಲ. ಪ್ಯಾಡಿಂಗ್ಟನ್ ಎಂಬ ಕಥೆಯ ಕರಡಿಯೊಡನೆ ಚಹಾ ಕುಡಿಯುತ್ತ, ಚಮಚದಿಂದ ಬಟ್ಟಲನ್ನು ತಟ್ಟಿ ಹಾಡಿಗೆ ತಾಳ ಹಾಕಿದ ಕಿರುಚಿತ್ರದಲ್ಲಿ ಮಾತ್ರ ಕಾಣಿಸಿಕೊಂಡರು. ಅದೇ ವರ್ಷ ಸೆಪ್ಟೆಂಬರ್ 8ರಂದು ಅವರು ತೀರಿಕೊಂಡರು.

ತರಗತಿಯಲ್ಲಿ ಇದನ್ನು ಕೇಳಿಸಬೇಕೆನ್ನುವ ಉಪಾಧ್ಯಾಯರು ಮೊದಲು 1969ರ ಆ ಇಪ್ಪತ್ತಮೂರು ಸೆಕೆಂಡುಗಳನ್ನು, ಅದರ ಹಿಂದಿನ ಮೌನವನ್ನೂ ಬಿಡದೆ, ಕೇಳಿಸಲಿ. ಬಳಿಕ ತೋಟದ ಹಾಡನ್ನು ಹಾಕಲಿ. ಎರಡಕ್ಕೂ ವ್ಯತ್ಯಾಸವೇನೆಂದು ಹುಡುಗರೇ ಹೇಳುತ್ತಾರೆ.