ಸಾಬೂನು ಬಂತು, ನೀರು?

ಹಳೇ ಜಾಹೀರಾತುಗಳನ್ನು ಕನ್ನಡ ಸಂಸಾರದ ಕನ್ನಡಿ ಎಂದು ಹೊಗಳುವ ಪಂಡಿತರಿದ್ದಾರೆ. ಯಾರ ಸಂಸಾರ, ಸ್ವಾಮಿ?

ಮೈಸೂರು ಸ್ಯಾಂಡಲ್ ಸಾಬೂನನ್ನೇ ನೋಡಿ. ಅದರ ಸರ್ಕಾರಿ ಕಾರ್ಖಾನೆ ಶುರುವಾದದ್ದು ಬೆಂಗಳೂರಿನಲ್ಲಿ. ಒಡವೆ ಪೆಟ್ಟಿಗೆಯಂಥ ಡಬ್ಬಿ. ಟ್ರಾಮ್ ಟಿಕೆಟ್ಟು, ಬೆಂಕಿಪೊಟ್ಟಣದ ಮೇಲೂ ಅದರ ಚಿತ್ರ; ದೂರದ ಕರಾಚಿಯಲ್ಲಿ ಅದಕ್ಕಾಗಿ ಒಂಟೆ ಮೆರವಣಿಗೆ! ಒಳ್ಳೇ ಸಾಬೂನೇ, ತಕರಾರಿಲ್ಲ. ಆದರೆ ಹಚ್ಚಿಕೊಂಡ ಮೇಲೆ ಮೈಮೇಲೆ ನೀರು ಬೀಳಬೇಕಲ್ಲ?

ನಮ್ಮ ಬಿಜಾಪುರ ಸೀಮೆಯ ನಿಡೋಣಿಯಂಥ ಊರುಗಳು ಆಗ ಮುಂಬಯಿ ಪ್ರಾಂತದಲ್ಲಿದ್ದವು. ಸಾರ್ವಜನಿಕ ಬಾವಿ, ಕೆರೆ ಅಸ್ಪೃಶ್ಯರಿಗೂ ತೆರೆದಿರಬೇಕು ಎಂಬ ಬೋಲೆಯವರ ಠರಾವು ಆ ಪ್ರಾಂತದ ಶಾಸನಸಭೆಯಲ್ಲಿ 1923ರಲ್ಲಿ ಪಾಸಾಯಿತು. ಕಾಗದದ ಮೇಲೆ. ಅದನ್ನು ನಂಬಿ 1927ರ ಮಾರ್ಚಿನಲ್ಲಿ ಮಹಾಡದ ಚವದಾರ್ ಕೆರೆಯ ನೀರು ಕುಡಿದವರಿಗೆ ಸಿಕ್ಕಿದ್ದು ದೊಣ್ಣೆ ಏಟು. ಆಮೇಲೆ ಸವರ್ಣರು ಕೆರೆ ಶುದ್ಧ ಮಾಡಿದರು. ಸಾಬೂನಿನಿಂದಲ್ಲ, ಸೆಗಣಿ ಗಂಜಲದಿಂದ!

ಬಟ್ಟೆಯ ಮಾತೂ ಹಾಗೇ. ಅದೇ ವರ್ಷ ಡಿಸೆಂಬರಿನಲ್ಲಿ, ಅದೇ ಮಹಾಡದಲ್ಲಿ, ಬಾಬಾಸಾಹೇಬರು ಹೆಣ್ಣುಮಕ್ಕಳಿಗೆ ಹೇಳಿದರು: ಜಾತಿ ಸಾರುವ ಉಡುಗೆ, ಭಾರದ ಒಡವೆ ಬಿಡಿ, ಮೇಲಿನವರ ಹಾಗೆ ಸೀರೆ ಉಡಿ. ಅಂಗಡಿಯವನಿಗೆ ದುಡ್ಡು ಕೊಟ್ಟರೆ ಸೀರೆ ಸಿಗುತ್ತದೆ. ಅದನ್ನು ಹ್ಯಾಗೆ ಉಡಬೇಕು ಅನ್ನೋದಕ್ಕೆ ಊರಿನ ಅಪ್ಪಣೆ ಬೇಕಿತ್ತು. ಇದು ಯಾವ ಜಾಹೀರಾತಿನಲ್ಲಿ ಅಚ್ಚಾಗಿದೆ?

ಡಬ್ಬಿಯ ಸೊಗಸಿನ ಬಗ್ಗೆ ಪಂಡಿತರು ಬರೆಯಲಿ. ಹಳ್ಳಿಯ ಮಾಸ್ತರರು ಮಾತ್ರ ಕೇರಿಯ ಮುದುಕಿಯರನ್ನು ಕೇಳಿ: "ಯವ್ವಾ, ನಿಮ್ಮ ಮನಿಗೆ ಸಾಬೂನು ಯಾವಾಗ ಬಂತು? ನೀರು ಎಲ್ಲಿಂದ ತರತಿದ್ರಿ?" ಹೇಳಿದ್ದನ್ನು ಹೇಳಿದಂಗೇ ಬರೆದುಕೊಳ್ಳಿ.