ಬಿಳಿಯ ರವಿಕೆಯ ಅಂಚು

ಕಂಪ್ಲಿಯ ಹಳೆಯ ಮನೆಗಳಲ್ಲಿ ಮದುವೆಗೆಂದು ಟ್ರಂಕು ತೆರೆದಾಗ ಇಳಕಲ್ ಸೀರೆಯ ಕೆಳಗೆ ಒಮ್ಮೊಮ್ಮೆ ಒಂದು ಬಿಳಿಯ ರವಿಕೆ ದೊರೆಯುವುದುಂಟು. ತೆಳುವಾದ ಹತ್ತಿಯ ಬಟ್ಟೆ, ಮೊಳಕೈ ಮುಟ್ಟುವ ತೋಳು, ಕೊರಳಿಗೂ ತೋಳಿಗೂ ಹಳದಿಗಟ್ಟಿದ ಲೇಸಿನ ಅಂಚು. ನೋಡಿದವರು ಎರಡು ತೀರ್ಪುಗಳಲ್ಲಿ ಒಂದನ್ನು ಕೊಡುತ್ತಾರೆ: ಇದು ಇಂಗ್ಲಿಷರ ಅನುಕರಣ, ಇಲ್ಲವೆ ಇದು ನಮ್ಮ ಪರಂಪರೆ. ಎರಡೂ ಅವಸರದ ಮಾತುಗಳೇ ಎಂದು ನನ್ನ ಅಭಿಪ್ರಾಯ.

ಹೊಲಿದ ಮೇಲುಡುಪು ಇಂಗ್ಲಿಷರೊಡನೆ ಬಂದುದಲ್ಲ. ಕುಪ್ಪಸವೆಂಬ ನಮ್ಮ ಮಾತಿನ ಹಿಂದೆ ಸಂಸ್ಕೃತದ ಕೂರ್ಪಾಸವಿದೆ. ಅಮರಕೋಶ ಅದನ್ನು ಬಲ್ಲದು. ಕಂಚುಕವಂತೂ ಹಾವಿನ ಪೊರೆಗೂ ರವಿಕೆಗೂ ಒಂದೇ ಹೆಸರಾಗಿ ಕವಿಗಳಿಗೆ ಒದಗಿತು. ಆದರೆ ಹಂಪೆಯ ಶಿಲ್ಪಗಳ ಮುಂದೆ ನಿಂತವರಿಗೆ ನರ್ತಕಿಯರ ಎದೆಯ ಮೇಲೆ ಆಭರಣ ಕಂಡಷ್ಟು ಹೊಲಿಗೆ ಕಾಣುವುದಿಲ್ಲ. ಕುಪ್ಪಸವಿತ್ತು, ಎಲ್ಲರಿಗೂ ಎಲ್ಲ ಕಾಲಕ್ಕೂ ಇರಲಿಲ್ಲ, ಅಷ್ಟೆ.

ಹೊಸದಾಗಿ ಬಂದುದು ಕತ್ತರಿಯ ಕೆಲಸ. ಗುಳೇದಗುಡ್ಡದ ಖಣವನ್ನು ನೇಯುವಾಗಲೇ ಒಂದು ಕುಪ್ಪಸದ ಅಳತೆ ನೇಕಾರನ ಲೆಕ್ಕದಲ್ಲಿರುತ್ತದೆ. ಅಂಚೂ ಮಗ್ಗದಲ್ಲಿಯೇ ಹುಟ್ಟುತ್ತದೆ. ಬಿಳಿಯ ರವಿಕೆಗೆ ಅಂಚನ್ನು ಬೇರೆಯಾಗಿ ತಂದು ಹಚ್ಚಬೇಕು. 1890ರಿಂದ 1910ರವರೆಗೆ ಯೂರೋಪಿನ ಹೆಂಗಸರು ತೊಟ್ಟ, ಸಣ್ಣ ನಿರಿಗೆಯ, ಲೇಸಿನ ಬಿಳಿಯ ಮೇಲಂಗಿಗೆ ಇದು ದೂರದ ನಂಟು. ಆದರೆ ಲೇಸೆಂದೊಡನೆ ವಿದೇಶವೆನ್ನುವವರು ಗೋದಾವರಿ ಸೀಮೆಯ ನರಸಾಪುರವನ್ನು ನೆನೆಯಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಪಾದ್ರಿಗಳ ಮನೆಯ ಹೆಂಗಸರು ಕಲಿಸಿದ ಈ ಕಸುಬನ್ನು ಅಲ್ಲಿಯ ಬಡ ಗೃಹಿಣಿಯರು ಮನೆಯೊಳಗೇ ಕುಳಿತು, ಅಲ್ಪ ಕೂಲಿಗೆ, ತಲೆಮಾರುಗಳವರೆಗೆ ನಡೆಸಿದರು. 1953ರವರೆಗೆ ನಮ್ಮ ಬಳ್ಳಾರಿ ಜಿಲ್ಲೆಯೂ ಆ ಸೀಮೆಯೂ ಒಂದೇ ಮದರಾಸು ಆಡಳಿತದಲ್ಲಿದ್ದವು.

ಇಷ್ಟು ವಸ್ತುವಿನ ಮಾತಾಯಿತು. ಮುಖ್ಯ ಪ್ರಶ್ನೆ ಬೇರೆ: ಇದನ್ನು ತೊಡುವ ಹಕ್ಕು ಯಾರಿಗಿತ್ತು? ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವುದಕ್ಕಾಗಿ ದಶಕಗಳ ಕಾಲ ಪೆಟ್ಟು ತಿನ್ನಬೇಕಾಯಿತು. 1859ರಲ್ಲಿ ಅಪ್ಪಣೆ ದೊರೆತಾಗಲೂ ಮೇಲ್ಜಾತಿಯವರಂತೆ ಉಡಕೂಡದೆಂಬ ಕಟ್ಟು ಉಳಿದೇ ಇತ್ತು. ನಮ್ಮಲ್ಲಿ ಅನೇಕ ಮೇಲ್ಜಾತಿಯ ಮನೆಗಳಲ್ಲಿ ವಿಧವೆಯ ಕೂದಲು, ಕುಂಕುಮ, ಬಳೆಗಳೊಡನೆ ಕುಪ್ಪಸವೂ ಹೋಗುತ್ತಿತ್ತು. ‘ಘಟಶ್ರಾದ್ಧ’ವನ್ನೂ ‘ಫಣಿಯಮ್ಮ’ನನ್ನೂ ಓದಿ ನಾವು ಬೋಳಾದ ತಲೆಗೆ ಮರುಗುತ್ತೇವೆ, ಬರಿದಾದ ಹೆಗಲನ್ನು ಕುರಿತು ನಮ್ಮ ವಿಮರ್ಶೆ ಆಡಿದ ಮಾತು ಕಡಿಮೆ. ಎಲ್ಲ ಬಟ್ಟೆಯನ್ನೂ ತಾನೇ ತೊರೆದ ಅಕ್ಕಮಹಾದೇವಿಯ ಧೈರ್ಯವನ್ನು ಹಾಡಿ ಹೊಗಳುವ ನಾವು, ಬೇಡವೆನ್ನುವ ಅಧಿಕಾರವೇ ಇಲ್ಲದೆ ಕುಪ್ಪಸ ಕಳೆದುಕೊಂಡವಳನ್ನು ಮರೆಯುವುದು ಸರಿಯೆ?

ಅಂಥ ಮನೆಯಲ್ಲಿ ಮುಂದೊಂದು ದಿನ ವಿಧವೆಯೊಬ್ಬಳು ಮತ್ತೆ ರವಿಕೆ ತೊಟ್ಟಳೆಂದರೆ ಅದು ಸಣ್ಣ ಸಂಗತಿಯಲ್ಲ. ಬಿಳಿಯ ಬಣ್ಣ ಮನೆಯವರೊಡನೆ ಮಾಡಿಕೊಂಡ ಒಪ್ಪಂದವಾಗಿರಬಹುದು. ಲೇಸು? ಅದನ್ನು ಯಾವ ಮಡಿಯೂ ಕೇಳಲಿಲ್ಲ, ಯಾವ ಚಳಿಯೂ ಬೇಡಲಿಲ್ಲ. ಆ ಎರಡು ಬೆರಳಿನಗಲದ ಅಂಚು ಅವಳ ಸ್ವಂತ ಇಷ್ಟ. ಬಿಳಿಯ ರವಿಕೆಯನ್ನು ಮುತ್ತೈದೆಯರೂ ತೊಟ್ಟರೆಂಬುದು ನಿಜ; ಸಿಕ್ಕ ರವಿಕೆಗೆಲ್ಲ ದುಃಖದ ಕಥೆ ಕಟ್ಟುವುದು ತಪ್ಪು. ಆದರೆ ಯಾರದೆಂದು ಕೇಳದಿರುವುದು ಅದಕ್ಕಿಂತ ದೊಡ್ಡ ತಪ್ಪು.

ನಮ್ಮ ಚಲನಚಿತ್ರ, ಧಾರಾವಾಹಿಗಳು ಮಾಡುತ್ತಿರುವುದು ಈ ತಪ್ಪನ್ನೇ. ‘ಹಳೆಯ ಕಾಲ’ವೆಂದರೆ ಸಾಕು, ಒಡತಿಗೂ ಆಳಿಗೂ ಒಂದೇ ಬುಗ್ಗೆತೋಳು, ಒಂದೇ ಲೇಸು. ಯಾರಿಗೆ ರವಿಕೆಯೇ ಇರಲಿಲ್ಲವೋ ಅವಳಿಗೂ ತೊಡಿಸಿ ಕಣ್ಣಿಗೆ ಹಿತಮಾಡುತ್ತಾರೆ, ಅನ್ಯಾಯವೇ ಅಲಂಕಾರವಾಗಿಬಿಡುತ್ತದೆ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ದೊರೆಯಿತು. ತಾಂಡಾದ ಕನ್ನಡಿಯ ಕಾಂಚಳಿಯನ್ನು ಕಂಡವರು ಇದು ಯಾರ ಕೈಕೆಲಸವೆಂದು ಈಗ ಕೇಳುತ್ತಾರೆ. ಅದೇ ಪ್ರಶ್ನೆ ಬಿಳಿಯ ರವಿಕೆಗೂ ಸಲ್ಲಬೇಕು.

ಟ್ರಂಕಿನಲ್ಲಿ ಅಂಥದೊಂದು ಸಿಕ್ಕರೆ ಕಲೆ ತೆಗೆಯುವ ಮೊದಲು ಮನೆಯ ಹಿರಿಯಳನ್ನು ಕೇಳಿರಿ. ತೊಟ್ಟವಳ ಹೆಸರನ್ನೊಂದು ಚೀಟಿಯಲ್ಲಿ ಬರೆದು ಮಡಿಕೆಯೊಳಗಿಡಿರಿ. ಹೇಳುವವರು ಇರುವಾಗ ಕೇಳದೆ, ಆಮೇಲೆ ಲೇಸನ್ನು ಮೆಚ್ಚಿ ಫಲವೇನು?