ಏಳನೆಯ ಸ್ಥಾನ, ಯಾರ ಲೆಕ್ಕದಲ್ಲಿ?

ಏಪ್ರಿಲ್-ಮೇ ತಿಂಗಳು ಬಂತೆಂದರೆ ನಮ್ಮ ಸಂಘದ ವಾಚನಾಲಯದಲ್ಲಿ ಕಾದಂಬರಿಗಳಿಗಿಂತ ಹೆಚ್ಚಾಗಿ ಕೈಯಿಂದ ಕೈಗೆ ಹೋಗುವುದು ಎಂ.ಬಿ.ಎ. ಕಾಲೇಜುಗಳ ಶ್ರೇಯಾಂಕ ಪಟ್ಟಿ. ಆದ್ದರಿಂದ ಈ ಸಲ ಪುಸ್ತಕದ ಬದಲು ಆ ಪಟ್ಟಿಯನ್ನೇ ವಿಮರ್ಶೆಗೆ ಎತ್ತಿಕೊಂಡಿದ್ದೇವೆ. ಪುಸ್ತಕ ಕೆಟ್ಟದ್ದಾದರೆ ಹೋಗುವುದು ಕೆಲವು ನೂರು ರೂಪಾಯಿ. ಪಟ್ಟಿಯನ್ನು ತಪ್ಪಾಗಿ ಓದಿದರೆ ಹೋಗುವುದು ತಂದೆಯ ಪ್ರಾವಿಡೆಂಟ್ ಫಂಡು.

ಹಾಗೆ ಹೋದದ್ದನ್ನು ನಾವು ಕಂಡಿದ್ದೇವೆ. ನಮ್ಮ ಸದಸ್ಯ ಕುಟುಂಬವೊಂದು ಮಗಳನ್ನು 'ಏಳನೆಯ ಸ್ಥಾನ' ಎಂದು ಜಾಹೀರಾತು ಕೊಟ್ಟ ಕಾಲೇಜಿಗೆ ಸೇರಿಸಿತು. ಹಣ ಕಟ್ಟಿದ ಮೇಲೆ ಅಡಿಯ ಸಣ್ಣಕ್ಷರ ಓದಿದರೆ, ಆ ಏಳು ಪಶ್ಚಿಮ ಭಾಗದ ಖಾಸಗಿ ಕಾಲೇಜುಗಳಲ್ಲಿ, ಅದೂ ಕಟ್ಟಡ ಸೌಕರ್ಯದ ವಿಭಾಗದಲ್ಲಿ! ಬೆಳ್ಳಗಿರುವುದೆಲ್ಲ ಹಾಲಲ್ಲ.

ಪಟ್ಟಿಗಳೆಲ್ಲ ಸುಳ್ಳೆಂದು ನಾವು ಹೇಳುತ್ತಿಲ್ಲ. ಕೇಂದ್ರ ಸರ್ಕಾರದ ಎನ್.ಐ.ಆರ್.ಎಫ್. ಪಟ್ಟಿ 2016ರಿಂದ ಬರುತ್ತಿದೆ. ಮ್ಯಾನೇಜ್‌ಮೆಂಟ್ ವಿಭಾಗದಲ್ಲಿ ಬೋಧನೆ ಮತ್ತು ಸೌಲಭ್ಯಕ್ಕೆ 30, ಸಂಶೋಧನೆಗೆ 30, ಪದವೀಧರರ ಫಲಿತಾಂಶಕ್ಕೆ 20, ಒಳಗೊಳ್ಳುವಿಕೆಗೆ 10, ಜನಾಭಿಪ್ರಾಯಕ್ಕೆ 10 ಅಂಕ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಇದು ಮೆಚ್ಚತಕ್ಕದ್ದೇ. ಆದರೆ ಪ್ರಾಧ್ಯಾಪಕರ ಪ್ರಬಂಧಗಳ ಎಣಿಕೆಗೆ ಸಿಗುವ ತೂಕ, ಎರಡು ವರ್ಷ ಓದಿ ಕೆಲಸ ಹುಡುಕುವ ಹುಡುಗನ ಮನಸ್ಸಿನಲ್ಲಿರುವ ತೂಕವೇ? 2016ರಲ್ಲಿ ಬೆಂಗಳೂರಿನ ಐ.ಐ.ಎಂ. ಮೊದಲು, 2018ರಲ್ಲಿ ಅಹಮದಾಬಾದು, 2019ರಲ್ಲಿ ಮತ್ತೆ ಬೆಂಗಳೂರು, 2020ರಲ್ಲಿ ಮತ್ತೆ ಅಹಮದಾಬಾದು. ಇಷ್ಟರೊಳಗೆ ಅಲ್ಲಿಯ ಪಾಠಗಳು ಹೀಗೆ ಏರಿ ಇಳಿದವೆಂದು ಯಾರೂ ನಂಬಲಾರರು.

ವಿದೇಶದ ಪಟ್ಟಿಗಳ ದಾರಿ ಬೇರೆ. ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ 1999ರಿಂದ ಪ್ರಕಟಿಸುತ್ತಿರುವ ಪಟ್ಟಿಯಲ್ಲಿ ಸಂಬಳಕ್ಕೆ ದೊಡ್ಡ ಪಾಲು. ಆ ಸಂಬಳವನ್ನು ಆಯಾ ದೇಶದ ಹಣದ ಕೊಳ್ಳುವ ಶಕ್ತಿಗೆ ಹೊಂದಿಸಿ ಡಾಲರಿನಲ್ಲಿ ತೋರಿಸುವುದರಿಂದ, ನಮ್ಮ ದೇಶದ ಕಾಲೇಜುಗಳ ಅಂಕೆ ಕೈಗೆ ಬರುವ ಹಣಕ್ಕಿಂತ ಹಿಗ್ಗಿ ಕಾಣುತ್ತದೆ.

ಇನ್ನು ಅಂಕಿ-ಅಂಶ ಒದಗಿಸುವವರು ಕಾಲೇಜಿನವರೇ. ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಫಾಕ್ಸ್ ಶಾಲೆಯ ಆನ್‌ಲೈನ್ ಎಂ.ಬಿ.ಎ. ನಾಲ್ಕು ವರ್ಷ ಸತತವಾಗಿ ಮೊದಲ ಸ್ಥಾನದಲ್ಲಿತ್ತು. ಹೊಸ ವಿದ್ಯಾರ್ಥಿಗಳೆಲ್ಲ ಜಿಮ್ಯಾಟ್ ಅಂಕ ಕೊಟ್ಟಿದ್ದಾರೆಂದು ಬರೆದುಕೊಟ್ಟಿದ್ದರು. ಕೊಟ್ಟವರು ಐದರಲ್ಲೊಂದು ಪಾಲು ಮಾತ್ರವೆಂದು 2018ರಲ್ಲಿ ಬಯಲಾಯಿತು. 2022ರಲ್ಲಿ ಅಲ್ಲಿಯ ಮಾಜಿ ಡೀನ್‌ಗೆ 14 ತಿಂಗಳ ಸೆರೆವಾಸದ ಶಿಕ್ಷೆಯಾಯಿತು.

'ಸರಾಸರಿ ಸಂಬಳ' ಎಂಬ ಮಾತನ್ನೂ ತೂಗಿ ನೋಡಬೇಕು. ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ 8 ಲಕ್ಷ, ಒಬ್ಬನಿಗೆ 60 ಲಕ್ಷ ಸಿಕ್ಕರೆ ಸರಾಸರಿ 13.2 ಲಕ್ಷ. ಆದರೆ ಅಷ್ಟು ಸಂಬಳದವನು ಆ ಹತ್ತರಲ್ಲಿ ಒಬ್ಬನೂ ಇಲ್ಲ! ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಾಗ ನಡುವಿನವನಿಗೆ ಬರುವ 8 ಲಕ್ಷವೇ ನಮ್ಮ ಮಕ್ಕಳಿಗೆ ಹತ್ತಿರದ ಅಂಕೆ. ಸರ್ಕಾರದ ಪಟ್ಟಿ ಈ ನಡುವಿನ ಅಂಕೆಯನ್ನೇ ಕೇಳುತ್ತದೆ. ಸ್ಥಾನ ಪಡೆದ ಸಂಸ್ಥೆಗಳು ಒಪ್ಪಿಸಿದ ವಿವರವೂ, ಅಂದರೆ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂಬುದೂ, ಅದರ ತಾಣದಲ್ಲಿಯೇ ಬಿಟ್ಟಿಯಾಗಿ ದೊರೆಯುತ್ತದೆ. ನಮ್ಮ ಮಟ್ಟಿಗೆ ಪಟ್ಟಿಯ ಅತ್ಯುತ್ತಮ ಭಾಗ ಇದೇ. ಆದರೆ ಓದುವವರು ಕಡಿಮೆ. ಇದೂ ಕಾಲೇಜಿನವರೇ ಕೊಟ್ಟ ಲೆಕ್ಕವೆಂಬುದನ್ನು ಮಾತ್ರ ಮರೆಯಬಾರದು.

ಊರಿನಲ್ಲಿದ್ದಿದ್ದರೆ ಕೇಳಲು ಮೇಷ್ಟರಿದ್ದರು, ಸೋದರಮಾವನಿದ್ದ. ಊರು ಬಿಟ್ಟು ಬಂದ ನಮಗೆ ಆ ಹಿರಿಯರ ಜಾಗದಲ್ಲಿ ಪಟ್ಟಿ ಬಂದು ಕುಳಿತಿದೆ. ಅದು ಹತ್ತು ಹೆಸರು ಸೂಚಿಸಲಿ, ಬೇಡವೆನ್ನುವುದಿಲ್ಲ. ಆದರೆ ಆ ಹತ್ತರಲ್ಲಿ ಒಂದನ್ನು ಆರಿಸುವಾಗ ಶುಲ್ಕವೆಷ್ಟು, ಸಾಲದ ಕಂತೆಷ್ಟು, ಮಗುವಿನ ಒಲವು ಯಾವ ಕಡೆ ಎಂಬ ಪ್ರಶ್ನೆಗಳನ್ನು ಮನೆಯಲ್ಲಿ ಕುಳಿತು ನಾವೇ ಕೇಳಿಕೊಳ್ಳಬೇಕು. ಆ ಕಾಲೇಜುಗಳಲ್ಲಿ ಓದಿ ಬಂದ ಯುವಕ ಯುವತಿಯರು ನಮ್ಮ ಸಂಘದಲ್ಲಿಯೇ ಇದ್ದಾರೆ. ಹಣ ಕಟ್ಟುವ ಮುನ್ನ ಒಂದು ಭಾನುವಾರ ಅವರನ್ನು ಮನೆಗೆ ಕರೆದು, ಕಾಫಿ ಕೊಟ್ಟು ವಿಚಾರಿಸಿದರೆ, ಪಟ್ಟಿಯ ನೂರು ಸಾಲು ಹೇಳದ್ದನ್ನು ಅವರು ಅರ್ಧ ಗಂಟೆಯಲ್ಲಿ ಹೇಳಿಯಾರು.